ಟರ್ಬೊಚಾರ್ಜರಿನ ಬೇರಿಂಗ್ ಸವೆತ: ಪರೀಕ್ಷಿಸುವ ಕ್ರಮ

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ, ಖಾನಾಪುರ ತಾಲ್ಲೂಕಿನಲ್ಲಿ ಹೊಲ ಇರುವ ಕುಟುಂಬಕ್ಕೆ ಡೀಸೆಲ್ ಕಾರು ಕೃಷಿಯ ಸಾಧನವೇ ಸರಿ. ಬೀಜ, ಗೊಬ್ಬರ ತರಲು, ಜಾಂಬೋಟಿ, ಚೋರ್ಲಾ ಘಾಟಿನ ಮೂಲಕ ಗೋವೆಗೆ ಹೋಗಿಬರಲು ಅದೇ ಬೇಕು. ಇಂಥ ಕಾರು ಏರಿನಲ್ಲಿ ಎಳೆಯದೆ, ನೀಲಿ ಹೊಗೆ ಬಿಟ್ಟು, ಸಿಳ್ಳಿನಂತೆ ಸದ್ದು ಮಾಡಿದರೆ ಟರ್ಬೊ ಹೋಯಿತೆನ್ನುವುದು ವಾಡಿಕೆ. ಪರೀಕ್ಷಿಸದೆ ಬದಲಾಯಿಸಿದರೆ ಸಾವಿರಾರು ರೂಪಾಯಿ ವ್ಯರ್ಥವಾದೀತು. ಸವೆದದ್ದನ್ನು ಹಾಗೆಯೇ ಓಡಿಸಿದರೆ ಇಂಜಿನ್ನೇ ಕೆಟ್ಟೀತು.

ರಚನೆ

ಒಂದೇ ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಚಕ್ರಗಳಿರುತ್ತವೆ. ಇಂಜಿನ್ನಿನ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಇನ್ನೊಂದು ಇಂಜಿನ್ನಿಗೆ ಗಾಳಿಯನ್ನು ಒತ್ತಿ ಕಳಿಸುತ್ತದೆ. ವೇಗವು ನಿಮಿಷಕ್ಕೆ 1 ಲಕ್ಷ ಸುತ್ತುಗಳನ್ನೂ ಮೀರುತ್ತದೆ. ಹೆಚ್ಚಿನ ಕಾರುಗಳಲ್ಲಿ ಶಾಫ್ಟು ಕೀಲೆಣ್ಣೆಯ ತೆಳು ಪದರದ ಮೇಲೆ ತೇಲುತ್ತದೆ. ಆ ಪದರಕ್ಕೆ ಜಾಗ ಬೇಕಾದ್ದರಿಂದ ಹೊಸ ಟರ್ಬೊದಲ್ಲಿಯೂ ಅಲ್ಪ ಅಲುಗಾಟ ಇದ್ದೇ ಇರುತ್ತದೆ.

ಪರೀಕ್ಷೆಯ ಕ್ರಮ

1. ಇಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ನಂತರ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು.

2. ಏರ್ ಕ್ಲೀನರಿನಿಂದ ಟರ್ಬೊಗೆ ಬರುವ ಪೈಪನ್ನು ಕಳಚಿ ಒಳಗೆ ನೋಡಬೇಕು. ಎಣ್ಣೆಯ ತೆಳುವಾದ ಜಿಡ್ಡು ಸಹಜ. ಎಣ್ಣೆ ನಿಂತಿರುವುದು ಸಹಜವಲ್ಲ. ರೆಕ್ಕೆಗಳ ಅಂಚು ಮುರಿದಿದೆಯೇ, ಕವಚದ ಒಳಮೈಯಲ್ಲಿ ಉಜ್ಜಿದ ಗುರುತಿದೆಯೇ ಎಂದು ಗಮನಿಸಬೇಕು.

3. ಚಕ್ರವನ್ನು ಬೆರಳಿನಿಂದ ತಿರುಗಿಸಬೇಕು. ಎಲ್ಲಿಯೂ ತಡೆಯದೆ, ಉಜ್ಜದೆ ತಿರುಗಬೇಕು.

4. ಶಾಫ್ಟಿನ ತುದಿಯನ್ನು ಹಿಡಿದು ಅಡ್ಡಲಾಗಿ, ಮೇಲೆ ಕೆಳಗೆ ಅಲುಗಿಸಬೇಕು. ಅಲ್ಪ ಅಲುಗಾಟದಿಂದ ಗಾಬರಿಯಾಗಬೇಕಿಲ್ಲ. ಆದರೆ ಒಂದು ಬದಿಗೆ ಒತ್ತಿ ತಿರುಗಿಸಿದಾಗ ರೆಕ್ಕೆ ಕವಚಕ್ಕೆ ತಾಗಕೂಡದು.

5. ಶಾಫ್ಟನ್ನು ಹಿಂದಕ್ಕೆ ಮುಂದಕ್ಕೆ ತಳ್ಳಿ ಎಳೆದು ನೋಡಬೇಕು. ಈ ದಿಕ್ಕಿನ ಅಲುಗಾಟವು ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟಿದ್ದರೆ ಸವೆತದ ಶಂಕೆ ಬಲವಾಗುತ್ತದೆ. ಡಯಲ್ ಗೇಜಿನಿಂದ ಅಳೆಯಿಸಿ, ಆ ಮಾದರಿಯ ಕೈಪಿಡಿಯೊಂದಿಗೆ ಹೋಲಿಸಿ ನೋಡುವುದು ಉತ್ತಮ.

ಪೈಪನ್ನು ಮರುಜೋಡಿಸುವ ಮುನ್ನ ಒಳಗೆ ಬಟ್ಟೆಯ ಚೂರು, ನಟ್ಟು ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕಾರಣ ಮತ್ತು ನಿವಾರಣೆ

ಸವೆತಕ್ಕೆ ಮುಖ್ಯ ಕಾರಣ ಕೀಲೆಣ್ಣೆಯ ಕೊರತೆ ಅಥವಾ ಕೊಳೆ. ಎಣ್ಣೆ ಬರುವ ಸಣ್ಣ ಪೈಪಿನಲ್ಲಿ ಮಸಿ ಕಟ್ಟಿದರೆ ಹೊಸ ಟರ್ಬೊ ಕೂಡ ಬೇಗ ಸವೆಯುತ್ತದೆ. ಎಣ್ಣೆ ಇಳಿದು ಹೋಗುವ ಪೈಪು ಕಟ್ಟಿಕೊಂಡರೆ ಬೇರಿಂಗ್ ಸರಿಯಿದ್ದರೂ ಎಣ್ಣೆ ಸೋರಿ ನೀಲಿ ಹೊಗೆ ಬರುತ್ತದೆ. ಆದ್ದರಿಂದ ಟರ್ಬೊ ಬದಲಿಸುವಾಗ ಎರಡೂ ಪೈಪುಗಳನ್ನು, ಎಣ್ಣೆಯನ್ನು, ಫಿಲ್ಟರನ್ನು ತಪ್ಪದೆ ನೋಡಿಕೊಳ್ಳಬೇಕು. ಘಾಟು ಹತ್ತಿಬಂದ ಕೂಡಲೇ ಇಂಜಿನ್ ನಿಲ್ಲಿಸದೆ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಓಡಲು ಬಿಡಬೇಕು. ಇದರಿಂದ ಬಿಸಿಗೆ ಎಣ್ಣೆ ಸುಟ್ಟು ಮಸಿಯಾಗುವುದು ತಪ್ಪುತ್ತದೆ.

ಎಚ್ಚರಿಕೆ

ರೆಕ್ಕೆ ಕವಚಕ್ಕೆ ತಾಗುತ್ತಿದ್ದರೆ ಕಾರನ್ನು ಮನೆಯವರೆಗೂ ಓಡಿಸಬಾರದು. ಮುರಿದ ಚೂರು ಇಂಜಿನ್ನಿನೊಳಗೆ ಸೇರಬಹುದು. ಸೋರಿದ ಕೀಲೆಣ್ಣೆಯನ್ನೇ ಉರಿಸುತ್ತ ಡೀಸೆಲ್ ಇಂಜಿನ್ ಚಾವಿ ತೆಗೆದರೂ ನಿಲ್ಲದೆ ಓಡುವ ಅಪಾಯವೂ ಉಂಟು. ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಒಯ್ಯುವುದೇ ಕ್ಷೇಮ.