ಡಿಸ್ಕ್ ಬದಲಿಸುವ ಮುನ್ನ

ಬ್ರೇಕ್ ಒತ್ತಿದಾಗ ಪೆಡಲ್ ನಡುಗಿತೆಂದರೆ ಗ್ಯಾರೇಜಿನವರು ‘ಡಿಸ್ಕ್ ಹೋಗಿದೆ ಸಾರ್’ ಅಂದುಬಿಡುತ್ತಾರೆ. ಹೋಗಿರಲೂಬಹುದು, ಮೊದಲು ಅಳೆಸಿ. ಸಾಮಾನ್ಯವಾಗಿ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಎಷ್ಟೆಂದು ಮಿಲಿಮೀಟರಿನಲ್ಲಿ ಕೆತ್ತಿರುತ್ತಾರೆ. ತುಕ್ಕು ಉಜ್ಜಿದರೆ ಕಾಣುತ್ತದೆ. ಅದಕ್ಕಿಂತ ಸವೆದಿದ್ದರೆ ಲೇತ್‌ಗೆ ಕೊಟ್ಟು ಪ್ರಯೋಜನವಿಲ್ಲ, ಹೊಸದೇ ಬೇಕು.

ಕಾರು ಕಂಪನಿಯ ಡಬ್ಬಿಯದೇ ಆಗಬೇಕೆಂದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೆಸರಿರುವ ತಯಾರಕರ ಸಾದಾ ಡಿಸ್ಕ್ ಕಡಿಮೆಗೆ ಸಿಗುತ್ತದೆ. ತೂತು ಕೊರೆದ, ಗೀರು ಹಾಕಿದ ಥಳುಕಿನವು ಆಫೀಸು-ಮನೆ ಓಡಾಟಕ್ಕೆ ಬೇಡವೇ ಬೇಡ. ಹಳೆಯದನ್ನು ಜೊತೆಗೆ ಒಯ್ದು ಅಗಲ, ಎತ್ತರ, ಬೋಲ್ಟ್ ತೂತು ಹೋಲಿಸಿ. ಬಿಲ್ ಕೊಡದ ಅಂಗಡಿಯಿಂದ ಎದ್ದು ಬನ್ನಿ. ಎಡಬಲ ಎರಡಕ್ಕೂ ಒಟ್ಟಿಗೆ ಹಾಕಿಸಿ, ಪ್ಯಾಡೂ ಹೊಸದಿರಲಿ. ಡಿಸ್ಕಿನ ಮೇಲಿನ ಎಣ್ಣೆ ಒರೆಸಿದ್ದಾರಾ ಅಂತ ನಿಂತು ನೋಡಿ. ಮೊದಲ ಒಂದೆರಡು ನೂರು ಕಿ.ಮೀ. ಸುಮ್ಮಸುಮ್ಮನೆ ಗಕ್ಕನೆ ಬ್ರೇಕ್ ಒತ್ತಬೇಡಿ.