ಶ್ರೀಶೈಲದ ಕಾಲುದಾರಿಯಲ್ಲಿ ಒಂದು ದಿನ

ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿಯು ಕಲ್ಯಾಣದಿಂದ ಅರಸಿ ನಡೆದ ಶ್ರೀಗಿರಿಗೆ ಇಂದಿಗೂ ಉತ್ತರ ಕರ್ನಾಟಕದ ಭಕ್ತರು ಯುಗಾದಿಯ ಹೊತ್ತಿಗೆ ಕಂಬಿ ಹೊತ್ತು ನಡೆದೇ ಹೋಗುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು. ಗಂಟಿನಲ್ಲಿ ಅವಳಿಗೆಂದು ಸೀರೆ, ಬಳೆ, ಅರಿಸಿನ ಕುಂಕುಮಗಳಿರುತ್ತವೆ. ಬಸ್ಸು ಗುಡಿಯ ಬಳಿಗೇ ಹೋಗುವಾಗ ನಡೆಯುವುದೇಕೆ ಎಂದರೆ, ಮಗಳ ಮನೆಗೆ ಹೋಗುವವರನ್ನು ಹಾಗೆ ಕೇಳಬಾರದು.

ಆತ್ಮಕೂರು ದಾಟಿದರೆ ನಲ್ಲಮಲದ ಅಡವಿ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ನಸುಕಿನಲ್ಲೇ ಹೊರಡಬೇಕು. ಎಲೆಯುದುರಿದ ಕಾಡು ಬಿಸಿಲೇರಿದ ಮೇಲೆ ನೆರಳು ಕೊಡದು. ಮುಂದೆ ಪೆದ್ದಚೆರುವು, ಎಂದರೆ ದೊಡ್ಡಕೆರೆ. ನೀರು ದುರ್ಲಭವಾದ ಈ ಹಾದಿಯಲ್ಲಿ ದಾಸೋಹಿಗಳು ಹೊತ್ತು ತಂದಿಟ್ಟ ಮಜ್ಜಿಗೆ, ಅಂಬಲಿಗಳೇ ಆಸರೆ. ಉಂಡವರು ಪ್ಲಾಸ್ಟಿಕ್ ಲೋಟಗಳನ್ನು ಅಲ್ಲಿಯೇ ಎಸೆದು ಹೋಗುವುದು ಮಾತ್ರ ಸಲ್ಲದು. ಅದು 1983ರಿಂದ ಹುಲಿ ಯೋಜನೆಗೆ ಸೇರಿದ ಅರಣ್ಯ. ಜಿಂಕೆ ಕಡವೆಗಳಿಗೂ ಅದೇ ನೀರು.

ದಿನದ ನಿಜವಾದ ಪರೀಕ್ಷೆ ಭೀಮನಕೊಳ. ಕಣಿವೆಗೆ ಇಳಿದು, ಕಡಿದಾದ ಕಲ್ಲುಮೆಟ್ಟಿಲುಗಳನ್ನೇರಿ ಕೈಲಾಸದ್ವಾರ ಮುಟ್ಟಬೇಕು. ಶ್ರೀಶೈಲಕ್ಕೆ ಸೋಪಾನ ಕಟ್ಟಿಸಿದ ಕೀರ್ತಿ 14ನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನದು. ಶಿಖರಕ್ಕೆ ಕಳಸವಿಡುವ ದಾನಿಗಳು ಬಹಳ. ಏದುಸಿರು ಬಿಡುವವನ ಕಾಲಡಿಗೆ ಕಲ್ಲು ಹಾಸಿದವರು ವಿರಳ. ಮೇಲೇರಿದವರು ಕಂಬಿಯನ್ನು ಇಳಿಸಿ, ಬೆವರೊರೆಸಿ, ಹಾಟಕೇಶ್ವರದ ದಿಕ್ಕಿಗೆ ನೋಡುತ್ತಾರೆ. ಗುಡಿ ಇನ್ನೂ ಕೆಲವು ಕಿಲೋಮೀಟರು ದೂರ.