ಗೊರೂರಿನ ಕ್ಯಾಪ್ಟನ್ ಮತ್ತು ನಮ್ಮ ಸ್ಟಾರ್ಟಪ್ ಕನಸು

ಬಾಗೂರು–ನವಿಲೆ ಸುರಂಗದ ಹೆಸರು ಸಿವಿಲ್ ಬ್ರಾಂಚಿನವರಾದರೂ ಕೇಳಿರಬಹುದು. ಹೇಮಾವತಿ ನಾಲೆಯ ನೀರು ಇದರೊಳಗೆ ಹಾದು ತುಮಕೂರಿನ ಕಡೆಗೆ ಹೋಗುತ್ತೆ. ನಾವು ಮೂವರು ಬಾಗೂರು ಹೋಬಳಿಯವರು. ಆ ನೀರನ್ನ ನಿಲ್ಲಿಸೋಕೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದಾಗ ಎಷ್ಟೋ ಕುಟುಂಬಗಳ ಜಮೀನು ಮುಳುಗಿತು. ಅದರಲ್ಲಿ ಒಂದು ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಕುಟುಂಬದ್ದು. ಹೌದು, ಏರ್ ಡೆಕ್ಕನ್ ಗೋಪಿನಾಥ್!

ನಮ್ಮಲ್ಲಿ ಹೆಚ್ಚಿನವರಿಗೆ ಅವರು ಗೊತ್ತಿರೋದು ಸೂರ್ಯ ನಟಿಸಿದ 'ಸೂರರೈ ಪೋಟ್ರು' ಸಿನಿಮಾದಿಂದ. ಸಿನಿಮಾದಲ್ಲಿ ನಾಯಕನಿಗೆ ಒಂದೇ ಕನಸು, ವಿಮಾನ. ನಿಜವಾದ ಕಥೆ ಹಾಗಿಲ್ಲ. ಸುಮಾರು ಎಂಟು ವರ್ಷ ಸೈನ್ಯದಲ್ಲಿದ್ದು ಊರಿಗೆ ಬಂದವರು, ಮುಳುಗಿದ ಜಮೀನಿಗೆ ಬದಲಾಗಿ ಜಾವಗಲ್ ಹತ್ತಿರ ಸಿಕ್ಕ ಬರಡು ನೆಲದಲ್ಲಿ ಟೆಂಟ್ ಹಾಕಿಕೊಂಡು ಕೃಷಿ ಶುರು ಮಾಡಿದರು. ತೆಂಗು, ರೇಷ್ಮೆ ಬೆಳೆದರು. ಪರಿಸರಕ್ಕೆ ಹಾನಿಯಾಗದ ರೀತಿಯಲ್ಲಿ ರೇಷ್ಮೆ ಬೆಳೆದಿದ್ದಕ್ಕೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ ಹಾಸನದಲ್ಲಿ ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್, ಉಡುಪಿ ಹೋಟೆಲು, ನೀರಾವರಿ ಸಾಮಾನಿನ ವ್ಯಾಪಾರ. ಹೆಲಿಕಾಪ್ಟರ್ ಕಂಪನಿ ಬಂದಿದ್ದು 1997ರಲ್ಲಿ, ಸೈನ್ಯದ ಗೆಳೆಯ ಕ್ಯಾಪ್ಟನ್ ಕೆ.ಜೆ. ಸ್ಯಾಮ್ಯುಯೆಲ್ ಜೊತೆ. ಏರ್ ಡೆಕ್ಕನ್ ಹಾರಿದ್ದು 2003ರ ಆಗಸ್ಟ್‌ನಲ್ಲಿ, ಬೆಂಗಳೂರು–ಹುಬ್ಬಳ್ಳಿ ನಡುವೆ. ಆಗ ಅವರಿಗೆ 51 ವರ್ಷ. ಥರ್ಡ್ ಇಯರ್ ಒಳಗೆ ಫೌಂಡರ್ ಆಗಬೇಕು ಅಂತ ಹಾಸ್ಟೆಲ್‌ನಲ್ಲಿ ನಿದ್ದೆಗೆಡೋ ನಮಗೆ ಇದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಹೇಳಲ್ಲ.

ಆದರೆ ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ಉಳಿದ ಕಂಪನಿಗಳೆಲ್ಲ ಆಗಲೇ ವಿಮಾನದಲ್ಲಿ ಓಡಾಡುತ್ತಿದ್ದವರಿಗಾಗಿ ಜಗಳ ಆಡ್ತಿದ್ದವು. ಇವರು ನೋಡಿದ್ದು ರೈಲಿನಲ್ಲಿ ಹೋಗೋರನ್ನ. 'ನಮ್ಮ ಗಿರಾಕಿ ಯಾರು' ಅನ್ನೋದಕ್ಕಿಂತ 'ಯಾರು ಇನ್ನೂ ಗಿರಾಕಿ ಆಗಿಲ್ಲ, ಯಾಕೆ ಆಗಿಲ್ಲ' ಅನ್ನೋ ಪ್ರಶ್ನೆ ಅದು. ಉತ್ತರ ಸಿಂಪಲ್: ಟಿಕೆಟ್ ದುಬಾರಿ.

ಹಾಗಾದ್ರೆ ದರ ಇಳಿಸೋದು ಹೇಗೆ? ಇಲ್ಲಿ ನಮ್ಮ ಗಣಿತ ಕೆಲಸಕ್ಕೆ ಬರುತ್ತೆ. 48 ಸೀಟಿನ ಎಟಿಆರ್ ವಿಮಾನ ಅಂದುಕೊಳ್ಳಿ. ಒಂದು ಟ್ರಿಪ್‌ನ ಖರ್ಚು 96,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ (ನಿಜವಾದ ಅಂಕಿ ಅಲ್ಲ). ತುಂಬಿದರೆ ತಲೆಗೆ 2,000, ಅರ್ಧ ತುಂಬಿದರೆ 4,000. ಅರ್ಧ ಖಾಲಿ ಹಾರಿದ್ರೂ ಇಂಧನದ ಖರ್ಚು ಅರ್ಧ ಆಗಲ್ಲ. ಹಾರಿಹೋದ ವಿಮಾನದ ಖಾಲಿ ಸೀಟನ್ನ ನಾಳೆ ಮಾರೋಕೂ ಆಗಲ್ಲ, ಕೊಳೆತ ಟೊಮೆಟೊ ಥರ. ಹಾಗಾಗಿ ಮೊದಲು ಬುಕ್ ಮಾಡಿದವರಿಗೆ ಅಗ್ಗ, ಆಮೇಲೆ ಬಂದವರಿಗೆ ಜಾಸ್ತಿ. ಒಂದು ರೂಪಾಯಿ ಟಿಕೆಟ್ ಅಂದ್ರೆ ಎಲ್ಲ ಸೀಟೂ ಒಂದು ರೂಪಾಯಿ ಅಲ್ಲ. ಪುಕ್ಕಟೆ ಊಟ ಇಲ್ಲ, ಟಿಕೆಟ್ ಇಂಟರ್‌ನೆಟ್‌ನಲ್ಲೇ ಸಿಗುತ್ತೆ, ವಿಮಾನ ನೆಲದ ಮೇಲೆ ನಿಲ್ಲೋ ಹೊತ್ತು ಆದಷ್ಟು ಕಮ್ಮಿ. ಹೋಟೆಲ್ ನಡೆಸಿದವರಿಗೆ ಟೇಬಲ್ ಖಾಲಿ ಬಿದ್ದರೆ ಏನಾಗುತ್ತೆ ಅಂತ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ?

ಸಿನಿಮಾ ಗೆಲುವಿನಲ್ಲಿ ಮುಗಿಯುತ್ತೆ, ಬದುಕು ಮುಂದುವರಿಯಿತು. ಕಂಪನಿ ವೇಗವಾಗಿ ಬೆಳೆಯಿತು, ನಷ್ಟವೂ ಬೆಳೆಯಿತು. 2007ರಲ್ಲಿ ವಿಜಯ್ ಮಲ್ಯ ಅವರ ಯುಬಿ ಗ್ರೂಪ್ ಪಾಲು ಕೊಂಡಿತು, ಆಮೇಲೆ ಹೆಸರು ಕಿಂಗ್‌ಫಿಶರ್ ರೆಡ್ ಆಯ್ತು. ಮುಂದೆ ಕಿಂಗ್‌ಫಿಶರ್ರೇ ನಿಂತುಹೋಯ್ತು. ಗೋಪಿನಾಥ್ 2009ರಲ್ಲಿ ಶುರು ಮಾಡಿದ ಸರಕು ಸಾಗಣೆಯ ಡೆಕ್ಕನ್ 360 ಕೂಡ ಬಾಳಲಿಲ್ಲ. ಕಮ್ಮಿ ದರದ ಲೆಕ್ಕ ಸರಿ ಇದ್ದರೂ ಬೆಳೆಯೋ ವೇಗದ ಲೆಕ್ಕ ತಪ್ಪಬಹುದು ಅನ್ನೋದು ನಮ್ಮ ಅಭಿಪ್ರಾಯ. ಸೋಲಿನ ಭಾಗ ಬಿಟ್ಟು ಗೆದ್ದದ್ದನ್ನಷ್ಟೇ ಓದಿದರೆ ಅರ್ಧ ಪಾಠ ಓದಿ ಎಕ್ಸಾಮ್‌ಗೆ ಹೋದ ಹಾಗೆ. ಅವರ ಆತ್ಮಕಥೆ ಕನ್ನಡದಲ್ಲಿ 'ಬಾನಯಾನ' ಅಂತ ಬಂದಿದೆ, ವಿಶ್ವೇಶ್ವರ ಭಟ್ಟರ ಅನುವಾದ. ಇಂಗ್ಲಿಷ್ ಮೀಡಿಯಂನ ನಮಗೂ ಕಷ್ಟ ಆಗಲಿಲ್ಲ.

ನಮ್ಮ ವಿಷಯಕ್ಕೆ ಬಂದರೆ, ಮಿನಿ ಪ್ರಾಜೆಕ್ಟಿಗೆ ತೆಂಗು ಬೆಳೆಗಾರರಿಗೆ ಒಂದು ಆ್ಯಪ್ ಮಾಡೋಣ ಅಂತ ಸೆಮಿಸ್ಟರ್ ಪೂರ್ತಿ ಸ್ಕ್ರೀನ್ ಡಿಸೈನ್ ಮಾಡಿದ್ವಿ. ಒಬ್ಬ ಬೆಳೆಗಾರರನ್ನೂ ಕೇಳಿರಲಿಲ್ಲ. ರಜೆಗೆ ಊರಿಗೆ ಹೋದಾಗ ಪಕ್ಕದ ತೋಟದ ಅಜ್ಜ ಫೋನ್ ನೋಡಿ, 'ಇದ್ರಲ್ಲಿ ಕಾಯಿ ಕೀಳೋಕಾಗುತ್ತೇನ್ರಪ್ಪಾ?' ಅಂದ್ರು. ಬೆಲೆ ಅವರಿಗೆ ಗೊತ್ತು, ಮರ ಹತ್ತೋರು ಸಿಗ್ತಿಲ್ಲ. ಬರೋ ಭಾನುವಾರ ಮತ್ತೆ ಬಾಗೂರಿಗೆ ಹೋಗ್ತಿದ್ದೀವಿ, ಈ ಸಲ ಲ್ಯಾಪ್‌ಟಾಪ್ ಬಿಟ್ಟು, ನೋಟ್‌ಬುಕ್ ಹಿಡಿದು.